ಓಡದ ಗಾಡಿಗೆ ಕಪ್ಪು ಗಾಜು

ಬಸವಪ್ರಭುಗಳ ಮಾನ ಹೋದದ್ದು ಶನಿವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ, ತಮ್ಮದೇ ಕಾರಿನೊಳಗೆ ಕುಳಿತಿದ್ದಾಗ.

ಪುಣೆಯ ಖಡಕಿಯ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅವರು ದಿನಾಲೂ ಆರಕ್ಕೆ ಬಂದವರೇ ಮನೆಗೆ ಹೋಗದೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುವ ಬಿಳಿ ಕಾರಿನಲ್ಲಿ ಒಂದು ತಾಸು ಕೂರುತ್ತಿದ್ದರು. ಕಾರು ಎಲ್ಲಿಗೂ ಹೋಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಹೆಂಡತಿ ರೇಣು ತೀರಿಕೊಂಡ ಮೇಲೆ ಅದು ಅಲ್ಲಾಡಿರಲಿಲ್ಲ. ಬ್ಯಾಟರಿಯೂ ಅದೇ ವರ್ಷ ಸತ್ತಿತ್ತು. ಎಡಗಡೆಯ ಸೀಟಿನ ಹೊಲಿಗೆಯಲ್ಲಿ ಜೇಜುರಿಯ ದೇವಸ್ಥಾನದಿಂದ ಬರುವಾಗ ರೇಣುವಿನ ಸೆರಗಿನಿಂದ ಉದುರಿದ ಭಂಡಾರದ ಅರಿಸಿನ ಇನ್ನೂ ಇತ್ತು. ಆ ಸೀಟಿಗೆ ಅವರು ದಿನದ ವರದಿ ಒಪ್ಪಿಸುತ್ತಿದ್ದರು. ಸಾಹೇಬರು ಏನಂದರು, ಬಸ್ಸಿನಲ್ಲಿ ಯಾರು ಕಾಲು ತುಳಿದರು, ಎಲ್ಲ. ಮನೆಯಲ್ಲಿ ಕೂತು ಗೋಡೆಗೆ ಹೇಳಿದರೆ ಹುಚ್ಚು ಎನ್ನುತ್ತಾರೆ, ಕಾರಿನಲ್ಲಿ ಕೂತು ಹೇಳಿದರೆ ಫೋನು ಎಂದುಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ.

ಆ ಶನಿವಾರ ಗಾಜಿನ ಮೇಲೆ ಟಕ್ ಟಕ್ ಎಂದಿತು. ಮೂರನೇ ಮಹಡಿಯ ನರ್ಮದಾ ಕಾಕು. ಸೊಲ್ಲಾಪುರದವರು.

"ಯಾರ ಜೊತಿ ಮಾತಾಡಾಕತ್ತೀರಿ?"

ಬಸವಪ್ರಭುಗಳು ಬಾಗಿಲು ಚೂರು ತೆರೆದರು. "ಫೋನಿನ್ಯಾಗ್ರಿ ಕಾಕು. ನಮ್ಮ ತಮ್ಮನ ಜೊತಿ."

"ಹೌದೇನು? ನಿಮ್ಮ ಫೋನು ವಾಚ್‌ಮನ್ ಟೇಬಲ್ ಮ್ಯಾಲೆ ಬಿಟ್ಟು ಬಂದಿದ್ರಿ. ಕೊಡೋಣಂತ ಬಂದೆ," ಎಂದು ಕಾಕು ಫೋನನ್ನು ಸಂದಿಯಿಂದ ಒಳಗೆ ಚಾಚಿದರು.

ಬಸವಪ್ರಭುಗಳು ಫೋನು ಇಸಿದುಕೊಂಡರು, ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ.

ಕಾಕು ಒಬ್ಬರೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆ ಒಂದು ತಾಸಿನಲ್ಲಿ ಕಾಟ ಕೊಡಲು ಮೂವರಿದ್ದರು. ಕಾಕು ಬಂದು "ಇವತ್ತೇನು ಪಲ್ಯ?" ಎನ್ನುವುದು. ಮೊದಲ ಮಹಡಿಯ ಮಿಥುನ, ಬೆಂಗಳೂರಿನ ಹುಡುಗ, ಕೈಯಲ್ಲೇ ಫೋನು ಹಿಡಿದುಕೊಂಡು "ಅಂಕಲ್, ಟೈಮ್ ಎಷ್ಟಾಯ್ತು?" ಎನ್ನುವುದು. ವಾಚ್‌ಮನ್ ಫಕೀರಪ್ಪನದಂತೂ ಅತಿ. ಓಡದ ಗಾಡಿಯ ಗಾಲಿಯನ್ನು ದಿನಾ ಕಾಲಿನಿಂದ ಒತ್ತಿ ನೋಡಿ "ಗಾಳಿ ಭರ್ತಿ ಅದ ಸಾಹೇಬ್ರ" ಎಂದು ವರದಿ ಕೊಡುವುದು. ರೇಣುವಿನ ಜೊತೆ ಹತ್ತು ನಿಮಿಷ ನೆಟ್ಟಗೆ ಮಾತಾಡಲು ಈ ಊರಿನಲ್ಲಿ ಜಾಗವಿಲ್ಲವೇ ಎಂದು ಬಸವಪ್ರಭುಗಳಿಗೆ ಅಳು ಬಂತು. ಗಾಜಿಗೆ ಕಪ್ಪು ಫಿಲಂ ಹಚ್ಚಿಸುವುದೆಂದು ಅಲ್ಲೇ ತೀರ್ಮಾನಿಸಿದರು.

ಭಾನುವಾರ ಹನ್ನೊಂದೂ ಮುಕ್ಕಾಲಿಗೆ ಹೊರಟವರು ಫಿಲಂ ಹಚ್ಚುವ ಸ್ವಪ್ನಿಲ್‌ನ ಅಂಗಡಿ ಹುಡುಕಿ ಮುಟ್ಟುವಾಗ ಒಂದಕ್ಕೆ ಹತ್ತು ನಿಮಿಷವಿತ್ತು. ಬಾಗಿಲಲ್ಲಿ ಮರಾಠಿಯ ಬೋರ್ಡು: 'ಮಧ್ಯಾಹ್ನ ಒಂದರಿಂದ ನಾಲ್ಕು ಬಂದ್. ಬೆಲ್ ಒತ್ತಿದರೆ ಬೆಲ್ ಕೆಡುತ್ತದೆ, ಅಂಗಡಿ ತೆರೆಯುವುದಿಲ್ಲ.'

"ಗಾಡಿ ತನ್ನಿ," ಎಂದ ಸ್ವಪ್ನಿಲ್ ಮರಾಠಿಯಲ್ಲಿ.

"ಗಾಡಿ ಓಡೋದಿಲ್ಲ. ನೀವೇ ಬರಬೇಕು," ಎಂದರು ಇವರು, ಅವನ ಭಾಷೆಯಲ್ಲೇ.

"ಪಾರ್ಕಿಂಗಿನ ಧೂಳಿನಲ್ಲಿ ನಾನು ಕೆಲಸ ಮಾಡುವವನಲ್ಲ. ಫಿಲಂ ಕೊಡುತ್ತೇನೆ, ಬೇಕಿದ್ದರೆ ನೀವೇ ಹಚ್ಚಿಕೊಳ್ಳಿ. ಗಾಜಿಗೆ ಶಾಂಪೂ ನೀರು ಹೊಡೆಯಿರಿ, ಹಿಂದಿನ ಹಾಳೆ ಸುಲಿಯಿರಿ, ಒಳಗಿನಿಂದ ಅಂಟಿಸಿ, ನೀರು ಒತ್ತಿ ಹೊರಗೆ ಹಾಕಿ. ನಾಲ್ಕು ದಿನ ಗಾಜು ಇಳಿಸಬೇಡಿ."

"ಮೂರು ವರ್ಷದಿಂದ ಇಳಿದಿಲ್ಲ. ಬ್ಯಾಟರಿನೇ ಇಲ್ಲ."

"ಹಾಗಿದ್ದರೆ ಚಿಂತೆ ಇಲ್ಲ. ಪೊಲೀಸರು ಹಿಡಿಯದ ತೆಳು ಬಣ್ಣದ್ದು ಕೊಡಲೇ?"

"ರಸ್ತೆಗೆ ಇಳಿದರಲ್ಲವೇ ಹಿಡಿಯುವುದು. ಇದ್ದುದರಲ್ಲಿ ಕಪ್ಪನೆಯದು ಕೊಡಿ."

ಸುರುಳಿ ಕೈಗಿಟ್ಟ ಸ್ವಪ್ನಿಲ್ ಗಡಿಯಾರ ನೋಡಿ, "ಸಂಜೆ ನನಗೇ ಫೋನು ಮಾಡುತ್ತೀರಿ, ಬರೆದಿಟ್ಟುಕೊಳ್ಳಿ," ಎಂದು ಷಟರ್ ಎಳೆದ. ಬಸವಪ್ರಭುಗಳ ಧನ್ಯವಾದ ಷಟರಿಗೆ ಬಡಿದು ವಾಪಸು ಬಂತು.

ಬಚ್ಚಲಲ್ಲಿ ಶಾಂಪೂ ಇತ್ತು. ರೇಣು ಅರ್ಧ ಬಳಸಿ ಬಿಟ್ಟುಹೋದ ಬಾಟಲಿ. ಬಸವಪ್ರಭುಗಳ ತಲೆಗೆ ಶಾಂಪೂ ಬೇಕಾಗುವ ಕಾಲ ಎಂದೋ ಮುಗಿದಿತ್ತು. ಆದರೂ ಬಾಟಲಿ ಮಾತ್ರ ಮೂರು ವರ್ಷದಿಂದ ಅದೇ ಮೂಲೆಯಲ್ಲಿ ನಿಂತಿತ್ತು. ಅದರ ಮೇಲೆ ಕೈಯಿಟ್ಟವರು ಹಿಂದೆ ತೆಗೆದು, ಬಟ್ಟೆ ಸೋಪಿನ ಪುಡಿ ಕಲಸಿಕೊಂಡು ಕೆಳಗಿಳಿದರು.

ಮೊದಲನೇ ಗಾಜಿಗೆ ಒಂದು ತಾಸು ಹಿಡಿಯಿತು. ಫಿಲಮ್ಮಿಗೆ ಎರಡು ಪದರ. ಒಂದು ಕಪ್ಪು, ಒಂದು ಪಾರದರ್ಶಕ. ಬೆವರು ಸುರಿಸಿ, ಮೊಣಕಾಲು ಮಡಚಿ, ಅವರು ಗಾಜಿಗೆ ಅಂಟಿಸಿದ್ದು ಪಾರದರ್ಶಕ ಪದರವನ್ನು. ಕಪ್ಪನೆಯದು ಅವರ ಬೆನ್ನಿಗೇ ಅಂಟಿಕೊಂಡಿತ್ತು.

"ಸಾಹೇಬ್ರ, ಗಾಜು ಭಾಳ ಚಂದ ತೊಳ್ದೀರಿ," ಎಂದು ಫಕೀರಪ್ಪ ಹೊಗಳಿದ. ಆಮೇಲೆ ಬೆನ್ನು ನೋಡಿ ಕೂಗಿದ, "ಕಾಕು, ಲಗೂನ ಬರ್ರಿ!"

ಕಾಕು ಬಂದರು. ಕೂಗು ಕೇಳಿ ಮಿಥುನನೂ ಬಂದ. ಬೇಡವೆಂದರೂ ಮೂವರೂ ಕೈಹಚ್ಚಿದರು. ಎರಡನೇ ತುಂಡು ಸೋಪಿನ ನೀರು ತಾಗಿ, ಎಣ್ಣೆಗೆ ಬಿಟ್ಟ ಹಪ್ಪಳದಂತೆ ಗುಳ್ಳೆ ಎದ್ದಿತು. ಕಾಕು ಮೇಲಿನಿಂದ ಲಟ್ಟಣಿಗೆ ತಂದು ಚಪಾತಿಯಂತೆ ಲಟ್ಟಿಸಿದರು. ಗುಳ್ಳೆ ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು.

"ಕಾಕು, ಪ್ರೆಶರ್ ಜಾಸ್ತಿ ಆಯ್ತು. ವಿಡಿಯೋದಲ್ಲಿ ಸೆಂಟರಿಂದ ಹೊರಗೆ ತಳ್ತಾರೆ," ಎಂದ ಮಿಥುನ.

"ನಲವತ್ತು ವರ್ಷ ಚಪಾತಿ ಮಾಡೀನಿ, ನನಗ ಸೆಂಟರ್ ಕಲಿಸ್ತೀ ಏನು?"

"ಅಂಕಲ್, ಪ್ರೊಫೆಶನಲ್‌ನ ಕರೀಬಹುದಿತ್ತಲ್ವಾ?"

"ಮಲಗ್ಯಾನ ಅಂವ. ನಾಕರ ತನಕ," ಎಂದರು ಬಸವಪ್ರಭುಗಳು. ಪುಣೆಯಲ್ಲಿ ಇದಕ್ಕೆ ಎದುರು ಮಾತಿಲ್ಲ.

ತುಂಡು ಹರಿದು ಮಿಥುನನ ಮೊಣಕೈಗೆ ಸುತ್ತಿಕೊಂಡಿತು. ಕಾಕು ಬೈದರು. "ಸೋಪಿನ ಪುಡಿ ಯಾಕ? ಮನ್ಯಾಗ ಶಾಂಪೂ ಇಲ್ಲೇನ್ರಿ?"

ಬಸವಪ್ರಭುಗಳು ಕೈಯ ಸೋಪು ಒರೆಸಿಕೊಂಡರು. ಮೇಲೆ ಹೋದರು, ಬಚ್ಚಲಿನ ಬಾಟಲಿಯನ್ನು ಅಂಗಿಯ ಒಳಗೆ ಮುಚ್ಚಿಕೊಂಡು ಕೆಳಗೆ ತಂದರು. ಗಟ್ಟಿಯಾಗಿದ್ದ ಶಾಂಪೂ ಬಿಸಿನೀರಿಗೆ ಕರಗಿತು. ಆಮೇಲೆ ಫಿಲಂ ತಕರಾರು ಮಾಡಲಿಲ್ಲ. ಕೊನೆಯ ಹನಿಗೆ ಹಿಂದಿನ ದೊಡ್ಡ ಗಾಜೂ ಮುಗಿಯಿತು. ಒಂದು ಗುಳ್ಳೆ ಇಲ್ಲ, ಒಂದು ಮಡಿಕೆ ಇಲ್ಲ. ನಾಲ್ವರೂ ಹಿಂದೆ ಸರಿದು ನೋಡಿದರೆ ಗಾಜಿನಲ್ಲಿ ನಾಲ್ವರ ಮುಖ.

"ಇನ್ನ ಒಳಗೆ ದೇವರ ಕುಂತರೂ ಕಾಣ್ಸಂಗಿಲ್ರಿ," ಎಂದ ಫಕೀರಪ್ಪ.

ಕಾಕು ನಗದೆ ಲಟ್ಟಣಿಗೆಯನ್ನು ಸೆರಗಿನಿಂದ ಒರೆಸಿಕೊಂಡರು.

"ಜಳಕ ಮಾಡ್ತೀನ್ರಿ," ಎಂದು ಬಸವಪ್ರಭುಗಳು ಮೇಲೆ ಹೋದರು. ಎಲ್ಲರೂ ಚದುರಿದ್ದನ್ನು ಮೆಟ್ಟಿಲಿನ ಜಾಲರಿಯಿಂದ ನೋಡಿಕೊಂಡು, ಆರಕ್ಕೆ ಐದು ನಿಮಿಷವಿರುವಾಗ ಕಳ್ಳನಂತೆ ಇಳಿದು ಬಂದು ಕಾರಿನೊಳಗೆ ಸೇರಿ ಬಾಗಿಲು ಎಳೆದುಕೊಂಡರು.

ಒಳಗೆ ಕತ್ತಲು. ಕತ್ತಲ ತುಂಬ ರೇಣುವಿನ ಕೂದಲಿನ ವಾಸನೆ. ಮೂರು ವರ್ಷದಲ್ಲಿ ಮೊದಲ ಸಲ ಎಡಗಡೆಯ ಸೀಟು ಖಾಲಿ ಅನ್ನಿಸಲಿಲ್ಲ. "ರೇಣು, ಇವತ್ತ ಏನಾತು ಗೊತ್ತೇನು..." ಎಂದು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಹೆಜ್ಜೆ ಕೇಳಿಸಿತು. ಮೂವರೂ ಬಂದು ಕಾರಿನ ಹತ್ತಿರವೇ ನಿಂತರು.

"ಇನ್ನ ನಮ್ಮ ಪಾಳಿ ಮುಗೀತು ನೋಡ್ರಿ," ಇದು ಕಾಕುವಿನ ದನಿ. "ಮೂರು ವರ್ಷ ಆತು."

"ಆ ವರ್ಷ ಸಾಹೇಬ್ರು ಇದರಾಗ ಎಚ್ಚರ ತಪ್ಪಿ ಬಿದ್ದಿದ್ರಲ್ರಿ," ಫಕೀರಪ್ಪ ಹೇಳುತ್ತಿದ್ದ. "ಆವತ್ತಿಂದ ಒಂದಿನಾನೂ ಬಂದು ನೋಡದ ಬಿಟ್ಟಿಲ್ಲ ನಾವು."

"ನಾನು ಟೈಮ್ ಕೇಳಿ ಕೇಳಿ, ಅಂಕಲ್ ನನ್ನ ಪೆದ್ದ ಅಂತಾನೇ ತಿಳ್ಕೊಂಡಿರ್ತಾರೆ," ಎಂದ ಮಿಥುನ. "ಆದ್ರೆ ಫಿಲಂ ಹಾಕೋಕೆ ಯಾಕೆ ಹೆಲ್ಪ್ ಮಾಡಿದ್ವಿ ಕಾಕು?"

"ಮನಷ್ಯಾ ಬೇಕು ಅಂದಾಗ ಬ್ಯಾಡ ಅನ್ನಾಕ ಆಗ್ತದೇನು? ತಾನಾಗೇ ಪರದೆ ಎಳಕೊಂಡವರ ಬಾಗಿಲು ಬಡೀಬಾರದಪ್ಪ. ನಾಳಿಂದ ನಾ ಆರಕ್ಕ ಭಜನಿಗೆ ಹೋಗ್ತೀನಿ."

"ನಾನೂ ಜಿಮ್ ಸೇರ್ಕೋತೀನಿ," ಎಂದ ಮಿಥುನ. ದನಿಯಲ್ಲಿ ಉತ್ಸಾಹವಿರಲಿಲ್ಲ.

ಬಸವಪ್ರಭುಗಳ ಕೈ ಬಾಗಿಲ ಹಿಡಿಯ ಮೇಲಿತ್ತು. ತೆರೆದು ಏನೆಂದು ಹೇಳುವುದು? ನಾಳೆಯೂ ಬಂದು ಕಾಟ ಕೊಡಿ ಎಂದು ಐವತ್ತೇಳು ವರ್ಷದ ಗಂಡಸು ಹೇಗೆ ಕೇಳಬೇಕು? ಗಾಜು ಇಳಿಸುವ ಗುಂಡಿ ಒತ್ತಿದರು. ಸತ್ತ ಬ್ಯಾಟರಿ ಏಳಲಿಲ್ಲ. ಹೆಜ್ಜೆಗಳು ಒಂದೊಂದಾಗಿ ದೂರ ಹೋದವು.

ಉಗುರಿನಿಂದ ಫಿಲಮ್ಮಿನ ಮೂಲೆ ಕೆರೆದರು. ಕೀಲಿಯಿಂದ ಕೆರೆದರು. ಮಧ್ಯಾಹ್ನವೆಲ್ಲ ಅಂಟಲು ಒಲ್ಲೆ ಎಂದದ್ದು ಈಗ ಬಿಡಲು ಒಲ್ಲೆ ಎಂದಿತು. ಕೊನೆಗೆ ಸ್ವಪ್ನಿಲ್‌ಗೆ ಫೋನು ಮಾಡಿದರು.

"ಹೇಳಿರಲಿಲ್ಲವೇ ಫೋನು ಮಾಡುತ್ತೀರಿ ಅಂತ! ಗುಳ್ಳೆ ಬಂತಾ?"

"ಇಲ್ಲ. ತೆಗೆಯುವುದು ಹೇಗೆ?"

"ಗುಳ್ಳೆ ಬಂದಿಲ್ಲವೇ? ಒಂದೂ? ಹಾಗಿದ್ದರೆ ತೆಗೆಯುವ ಮಾತು ಬಿಡಿ. ಹತ್ತು ವರ್ಷ ಅಲ್ಲಾಡುವುದಿಲ್ಲ. ಕಾಕಾ, ಭಾನುವಾರ ನನ್ನ ಅಂಗಡಿಗೆ ಕೆಲಸಕ್ಕೆ ಬರುತ್ತೀರಾ?"

ಬಸವಪ್ರಭುಗಳು ಕಾರಿನಿಂದ ಇಳಿದರು. ನೆಲಮಾಳಿಗೆಯಲ್ಲಿ ಯಾರೂ ಇರಲಿಲ್ಲ. ಗಾಜಿನಲ್ಲಿ ಒಂದೇ ಮುಖವಿತ್ತು. ಅವರು ಟಕ್ ಟಕ್ ಎಂದು ಬಡಿದರು.

"ಇವತ್ತೇನು ಪಲ್ಯ?" ಎಂದು ಕೇಳಿ, ಸ್ವಲ್ಪ ಹೊತ್ತು ಕಾದರು.

ಆಮೇಲೆ ಫಕೀರಪ್ಪ ದಿನಾ ಮಾಡುವಂತೆ, ಅವನು ನಿಲ್ಲುವ ಜಾಗದಲ್ಲೇ ನಿಂತು, ಕಂಬದ ಮರೆಯ ಗಾಲಿಯನ್ನು ಕಾಲಿನಿಂದ ಒತ್ತಿ ನೋಡಿದರು. ಅದರಲ್ಲಿ ಗಾಳಿಯೇ ಇರಲಿಲ್ಲ. ರಬ್ಬರು ನೆಲಕ್ಕೆ ಚಪ್ಪಟೆಯಾಗಿ ಕೂತು ಒಳಬದಿಗೆ ಜೇಡ ಬಲೆ ಕಟ್ಟಿತ್ತು; ಗಾಳಿ ಹೋಗಿ ಕಡಿಮೆಯೆಂದರೂ ಎರಡು ವರ್ಷವಾಗಿರಬೇಕು.