ಒಮ್ಮೆ ಬೇಡವೆಂದ ಚಹಾದ ಮರುಪರಿಶೀಲನೆ ಕುರಿತು

ಹೈದರಾಬಾದ್
೧೮-೧೧-೧೯೮೬

ಇಂದ,
ಕುಮಾರಿ ವಿಶಾಲಾಕ್ಷಿ, ಟೈಪಿಸ್ಟ್,
ಜರ್ಮನ್ ಸಂಜೆ ತರಗತಿ, ಕಿಟಕಿ ಪಕ್ಕದ ಬೆಂಚು, ಹಿಮಾಯತ್‌ನಗರ.

ಗೆ,
ಶ್ರೀ ಹಣಮಂತರಾಯರು, ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಕೆಮಿಸ್ಟ್,
ಅದೇ ತರಗತಿ, ಹಿಂದಿನ ಬೆಂಚು.

ಮುಖಾಂತರ: ಯಾರ ಮುಖಾಂತರವೂ ಬೇಡ. ಖುದ್ದು ಕೈಗೆ.

ವಿಷಯ: ಚಹಾಕ್ಕೆ ಮತ್ತೊಮ್ಮೆ ಕರೆಯುವ ಬಗ್ಗೆ.

ಉಲ್ಲೇಖ: ೧) ದಿನಾಂಕ ೪-೧೧-೧೯೮೬ರಂದು ಮೆಟ್ಟಿಲ ಮೇಲೆ ತಾವು ಕೇಳಿದ ಪ್ರಶ್ನೆ. ೨) ಅದೇ ದಿನದ ನನ್ನ ಮೂರ್ಖ ಉತ್ತರ.

ಮಾನ್ಯರೇ,

ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅಂದು ರಾಮದಾಸ ಮಾಸ್ತರರು ಜರ್ಮನ್ ಸಭ್ಯ ಮಾತುಗಳ ಪಾಠ ಮಾಡಿದರು. ಉಪಕಾರಕ್ಕೆ 'ದಾಂಕೆ', ಯಾರದಾದರೂ ಕಾಲು ತುಳಿದರೆ 'ಎಂಟ್‌ಶುಲ್ಡಿಗುಂಗ್'. ಇದನ್ನು ನಾವು ಹೇಳಿ ಮುಗಿಸುವಷ್ಟರಲ್ಲಿ ತುಳಿಸಿಕೊಂಡವರು ಮನೆ ಮುಟ್ಟಿರುತ್ತಾರೆ.

೨. ಪಾಠವಾದ ಮೇಲೆ ತಾವು ಕಿವಿ ಕೆಂಪಗೆ ಮಾಡಿಕೊಂಡು, ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯೋಣವೇ ಎಂದು ಜರ್ಮನಿನಲ್ಲಿ ಕೇಳಿದಿರಿ. ನನಗೆ ವಿಪರೀತ ಖುಷಿಯಾಯಿತು. ಆದ್ದರಿಂದ 'ನೈನ್, ದಾಂಕೆ', ಅಂದರೆ ಬೇಡ, ಧನ್ಯವಾದ ಎಂದೆ.

೩. ಕಾರಣ, ಯಾರಾದರೂ ಉಪಚಾರ ಮಾಡಿದಾಗ ಮೊದಲ ಸಲ 'ಬ್ಯಾಡ್ರಿ', ಎರಡನೇ ಸಲ 'ಯಾಕ ಸುಮ್ನ', ಮೂರನೇ ಸಲ 'ಸ್ವಲ್ಪೇ ಹಾಕ್ರಿ' ಎನ್ನುವುದು ನಮ್ಮ ಮನೆಗಳ ಕಾಯ್ದೆ. ತಾವೂ ರಾಯಚೂರು ಕಡೆಯವರಾದ ಕಾರಣ ಬಲ್ಲಿರೆಂದು ನಂಬಿ, ಎರಡನೇ ಸಲಕ್ಕೆ ಬೇಕಾದ ನಾಚಿಕೆಯನ್ನೂ ಸಿದ್ಧಮಾಡಿಕೊಂಡು ನಿಂತಿದ್ದೆ.

೪. ಆದರೆ ತಾವು, "ನೈನ್ ಅಂದ್ರ ಮುಗೀತು, ಮತ್ತ ಕೇಳಿದ್ರ ಅಸಭ್ಯ" ಎಂಬ ಮಾಸ್ತರರ ಮಾತನ್ನು ಅಕ್ಷರಶಃ ಪಾಲಿಸಿ, ತಲೆಬಾಗಿ, ಪಟಾನ್‌ಚೆರು ಬಸ್ಸು ಹತ್ತಿದಿರಿ. ಆ ಬಸ್ಸಾದರೂ ಅವತ್ತೇ ವೇಳೆಗೆ ಸರಿಯಾಗಿ ಬರಬೇಕೇ?

೫. ಅಂದಿನಿಂದ ಹದಿನಾಲ್ಕು ದಿನ ತಾವು 'ಗೂಟನ್ ಆಬೆಂಡ್' ಎಂಬ ಸಂಜೆಯ ನಮಸ್ಕಾರ ಬಿಟ್ಟರೆ ಬೇರೇನೂ ಹೇಳಿಲ್ಲ. ಕಚೇರಿಯಲ್ಲಿ ನಾನು ಸಾಹೇಬರ ಸಹಿಯ ಜಾಗದಲ್ಲಿ ತಮ್ಮ ಹೆಸರು ಟೈಪು ಮಾಡಿದ್ದೇನೆ. ವಿಷಯ ತಿಳಿದ ತಾಯಿ ಗಂಗೂಬಾಯಿಯವರು, "ಒಮ್ಮೆ ಬ್ಯಾಡಂದ್ರ ಬಿಟ್ಟು ಹೋಗತಾನಂದ್ರ ಎಂಥಾ ಹುಡುಗನ ಅಂವ! ಹೋಳಿಗಿ ಬಡಸಾಕ ನಿಂತ್ರ ಪಂಕ್ತಿ ಎಲ್ಲಾ ಉಪಾಸ ಏಳತೈತಿ" ಎಂದಿದ್ದಾರೆ. ನಗುತ್ತಲೇ ಎಂದಿರುವ ಕಾರಣ, ಇದನ್ನು ಅನುಕೂಲಕರ ಟಿಪ್ಪಣಿಯೆಂದು ಪರಿಗಣಿಸುವುದು.

೬. ಬರುವ ಶನಿವಾರ ತರಗತಿ ಮುಗಿಯುತ್ತದೆ. ಆಮೇಲೆ ತಾವು ಅಲ್ಲಿ, ನಾನು ಇಲ್ಲಿ. ಭೇಟಿಯಾಗಲು ಒಂದು ನೆಪವೂ ಉಳಿಯುವುದಿಲ್ಲ. ಅದನ್ನು ನೆನೆದರೆ ನನಗೆ ಅಳು ಬರುತ್ತದೆ.

ಆದ್ದರಿಂದ, ತಾವು ಮತ್ತೆ ಕೇಳುವಿರೆಂದು ಕಾಯುವುದನ್ನು ಈ ಮೂಲಕ ರದ್ದುಪಡಿಸಿ, ನಾನೇ ಕೇಳುತ್ತಿದ್ದೇನೆ:

"ಶನಿವಾರ ಕ್ಲಾಸ್ ಮುಗದ ಮ್ಯಾಲೆ ಚಾ ಕುಡ್ಯಾಕ ಬರ್ತೀರೇನ್ರಿ?"

ತಮ್ಮ ದಾರಿ ಕಾಯುವ ವಿಶ್ವಾಸಿ,
ವಿಶಾಲಾಕ್ಷಿ

ಲಗತ್ತುಗಳು:
೧) ಉತ್ತರದ ಚೀಟಿ. ಹೌದು ಎಂಬರ್ಥದ 'ಯಾ' ಮೊದಲೇ ಟೈಪಾಗಿದೆ. ತಮ್ಮ ಸಹಿ ಮಾತ್ರ ಬಾಕಿ.
೨) ಶೇಂಗಾ ಉಂಡೆ, ನಾಲ್ಕು.

ವಿ.ಸೂ.: ತಾವು ಬೇಡವೆಂದಲ್ಲಿ ಅದನ್ನು ಮೊದಲನೇ ಸಲವೆಂದು ದಾಖಲಿಸಿಕೊಳ್ಳಲಾಗುವುದು. ಎರಡನೇ ಸಲ ನಾನೇ ಕೇಳುತ್ತೇನೆ. ಮೂರನೇ ಸಲ ಕೇಳಲು ನಮ್ಮ ತಾಯಿಯವರು ತಮ್ಮ ಮನೆಗೆ ಬರುತ್ತಾರೆ. ದಯವಿಟ್ಟು ವಿಳಾಸ ತಿಳಿಸುವುದು.