ಎರಡು ತಟ್ಟು, ಒಂದು ‘ಇದೆ’

ನಲವತ್ತೊಂದು ವರ್ಷದಿಂದ ಊರಿನವರ ಸೋಫಾಗಳ ಹೊಟ್ಟೆ ಬಗೆದು, ತುಂಬಿ, ಹೊಲಿದು ಕೊಡುತ್ತಿದ್ದೇನೆ. ಈ ವಿದ್ಯೆಗೆ ಯಾರ ಕಾಲನ್ನೂ ಹಿಡಿದವನಲ್ಲ. ಹರಿದ ಕುರ್ಚಿಯೇ ನನ್ನ ಪಾಠಶಾಲೆ, ಕಿತ್ತು ಬಂದ ಸ್ಪ್ರಿಂಗೇ ನನ್ನ ಮೇಷ್ಟರು (ಹೊಡೆಯುವುದರಲ್ಲೂ ಮೇಷ್ಟರೇ; ಗದ್ದದ ಮೇಲೆ ಗುರುತು ಇನ್ನೂ ಇದೆ). ಸೋಫಾದ ಸಂದಿಯಲ್ಲಿ ಜನ ಕಳೆದುಕೊಂಡ ಕನ್ನಡಕ, ಬೀಗದ ಕೈ, ಕಿವಿಯೋಲೆಗಳನ್ನು ಹುಡುಕಿಕೊಟ್ಟದ್ದಕ್ಕೆ ಲೆಕ್ಕವೇ ಇಲ್ಲ. ಒಮ್ಮೆ ಒಬ್ಬರ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ತೆಗೆದುಕೊಟ್ಟೆ. ಅವರು ಅಲ್ಲೇ ಹಾಕಿಕೊಂಡು ನಕ್ಕು ಕೃತಜ್ಞತೆ ಸಲ್ಲಿಸಿದರು. ಅಂಥ ನನ್ನನ್ನು ಹೆಂಡತಿ ಮಗಳು ಸೇರಿ ‘ಮರೆಗುಳಿ’ ಎಂದು ತೀರ್ಮಾನಿಸಿದರೆ ಹೊಟ್ಟೆ ಉರಿಯುವುದಿಲ್ಲವೇ, ನೀವೇ ಹೇಳಿ!

ಎಲ್ಲದಕ್ಕೂ ಕಾರಣ ಮೂರು ಚಾಕು. ಮಡಚಿ, ಪಕ್ಕದ ಕ್ಲಿಪ್ಪಿನಿಂದ ಪ್ಯಾಂಟಿನ ಜೇಬಿನ ಅಂಚಿಗೆ ಸಿಕ್ಕಿಸಿಕೊಳ್ಳುವ ಚಾಕು. ಮೊದಲನೆಯದು ಬಸ್ಸಿನ ಸೀಟಿಗೆ ಕ್ಲಿಪ್ಪು ತಗುಲಿ ಅಲ್ಲೇ ಉಳಿಯಿತು. ಎರಡನೆಯದು ನಾನು ಗೇಟು ದಾಟುವಾಗ ಗೇಟಿನ ಸರಳಿಗೆ ಸಿಕ್ಕಿಕೊಂಡು ಚರಂಡಿಗೆ ಜಿಗಿಯಿತು. ಮೂರನೆಯದು ಎಲ್ಲಿ ಹೋಯಿತೆಂದು ಅದಕ್ಕೇ ಗೊತ್ತು. ಇದರಲ್ಲಿ ನನ್ನ ತಪ್ಪು ಎಲ್ಲಿದೆ? ನಾನು ಕಳೆದವನಲ್ಲ, ಅವೇ ಹೋದವು.

ಮಗಳು ಈ ವಾದ ಒಪ್ಪಲಿಲ್ಲ. ಒಂದು ಭಾನುವಾರ ಗಂಡನ ಜೊತೆ ಬಂದವಳು ನಾಲ್ಕನೇ ಚಾಕುವನ್ನು ನನ್ನ ಕೈಗಿಟ್ಟಳು. ಕರಿ ಹಿಡಿ, ಹೊಳೆಯುವ ಅಲಗು, ನೋಡಿದರೆ ನೋಡುತ್ತಲೇ ಇರಬೇಕು ಅನ್ನುವಂಥದ್ದು.

“ಅಪ್ಪಾ, ಇದೇ ಕೊನೇದು,” ಎಂದಳು. “ಇನ್ನೆರಡು ಭಾನುವಾರಕ್ಕೆ ಬರ್ತೀನಿ. ಆವತ್ತು ಇದು ನಿನ್ನ ಹತ್ರ ಇರ್ಲಿಲ್ಲ ಅಂದ್ರೆ ಅಂಗಡಿ ಬೀಗದ ಕೈ ಇವರ ಕೈಗೆ ಕೊಟ್ಬಿಡಬೇಕು. ಕತ್ತರಿ, ಸೂಜಿ, ಅಲಗು ಇರೋ ಜಾಗ ಅದು. ನೆನಪು ಕೈಕೊಡ್ತಿರೋವಾಗ ನೀನು ಅಲ್ಲಿ ಒಬ್ಬನೇ ಕೂತ್ಕೊಳ್ಳೋದು ಬೇಡ.”

“ನೆನಪು ಕೈಕೊಡ್ತಿದೆಯಾ? ನಿನ್ನ ತೊಟ್ಟಿಲಿಗೆ ಎಷ್ಟು ಮೊಳೆ ಹೊಡೆದೆ ಅಂತ ಈಗ ಹೇಳ್ಲಾ?”

“ಮೊಳೆ ನೆನಪಿದೆ, ಚಾಕು ನೆನಪಿಲ್ಲ. ಅದೇ ಭಯ.”

ಅಳಿಯ ಪಾಪ ಗೋಡೆಯ ಕಡೆ ನೋಡುತ್ತಾ ಕೂತಿದ್ದ. ಅವನಿಗೆ ನನ್ನ ಅಂಗಡಿಯೂ ಬೇಡ, ಸ್ಪ್ರಿಂಗಿನ ಏಟೂ ಬೇಡ. ಆದರೆ ನನಗೆ? ಆ ಅಂಗಡಿ ಇಲ್ಲದೆ ಬೆಳಿಗ್ಗೆ ಎದ್ದು ನಾನು ಏನು ಮಾಡಬೇಕು? ಹೆಂಡತಿಯ ಕಾಲಿಗೆ ಅಡ್ಡಡ್ಡ ಸಿಗುವುದೇ? ಹಲ್ಲು ಕಚ್ಚಿದೆ. “ಆಗ್ಲಿ,” ಎಂದೆ. ಈ ಚಾಕು ನನ್ನನ್ನು ಬಿಟ್ಟು ಅಲುಗಕೂಡದು. ಅಲುಗಿದರೆ ನಾನು ಊರಿನವರು ಕರೆಯುವ ‘ಸೋಫಾ ತಾತ’ನೇ ಅಲ್ಲ.

ಅವತ್ತೇ ಮಧ್ಯಾಹ್ನ ಚಾಕುವನ್ನು ಮೇಜಿನ ಮೇಲೆ ಮಲಗಿಸಿ ಶಸ್ತ್ರಚಿಕಿತ್ಸೆ ಆರಂಭಿಸಿದೆ. ಕ್ಲಿಪ್ಪು ಹಿಡಿದಿದ್ದ ಮೂರು ಸ್ಕ್ರೂಗಳನ್ನು ಬಿಚ್ಚಿ, ಸಡಿಲವಾಗದಂತೆ ಒಂದೊಂದಕ್ಕೂ ಮಗಳು ಬಿಟ್ಟುಹೋಗಿದ್ದ ಉಗುರಿನ ಬಣ್ಣ ಸವರಿ ಮತ್ತೆ ಬಿಗಿದೆ. ಇಕ್ಕಳದಿಂದ ಕ್ಲಿಪ್ಪನ್ನು ಒಳಕ್ಕೆ ಒತ್ತಿದೆ. ಜೇಬಿನ ಬಟ್ಟೆ ತೆಳುವಾದರೆ ಕ್ಲಿಪ್ಪಿಗೆ ಹಿಡಿತ ಸಾಲದು. ಅದಕ್ಕೆ ಅಂಚಿಗೆ ಎರಡು ಪದರ ರೆಕ್ಸಿನ್ ಇಟ್ಟು ಹೊಲಿದೆ. ನಾನು ಪ್ಯಾಂಟಿಗೆ ಸೋಫಾ ಕೆಲಸ ಮಾಡಿದ್ದು ಅದೇ ಮೊದಲು.

“ಏನ್ರೀ ಇದು, ಉಗುರಿಗೆ ಬಣ್ಣ ಹಚ್ಕೊಂಡಿದ್ದೀರಾ?” ಎಂದಳು ಹೆಂಡತಿ.

“ವಿಜ್ಞಾನ ಕಣೇ, ನಿನಗೆ ಅರ್ಥ ಆಗಲ್ಲ.”

“ಹೆಬ್ಬೆಟ್ಟಿಗೆ ಒಪ್ಪುತ್ತೆ ಬಿಡಿ,” ಎಂದು ಒಳಗೆ ಹೋದಳು.

ಸಾಮಾನಿಗೆ ಶಿಸ್ತು ಕಲಿಸಿದ ಮೇಲೆ ದೇಹಕ್ಕೂ ಕಲಿಸಬೇಡವೇ? ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ನಿಯಮ ಬರೆದು ಬಾಗಿಲ ಹಿಂದೆ ತೂಗುಹಾಕಿದೆ: ‘ಕೂತಲ್ಲಿಂದ ಏಳುವಾಗ, ಹೊಸಿಲು ದಾಟುವಾಗ, ಬಸ್ಸು ಇಳಿಯುವಾಗ, ಜಾಗ ಬಿಡುವ ಮೊದಲು ಬಲ ಜೇಬನ್ನು ಎರಡು ಸಲ ತಟ್ಟತಕ್ಕದ್ದು. ಇದೆ ಎಂದು ಬಾಯಿ ಬಿಟ್ಟು ಹೇಳತಕ್ಕದ್ದು.’

ತಟ್ಟಿದೆ ಸ್ವಾಮೀ, ತಟ್ಟಿದೆ! ಮನೆಯಲ್ಲಿ ತಟ್ಟಿದೆ, ಬೀದಿಯಲ್ಲಿ ತಟ್ಟಿದೆ. ಅಂಚೆ ಕಚೇರಿಯ ಸಾಲಿನಲ್ಲಿ ನಾನು ತಟ್ಟಿ “ಇದೆ” ಎಂದರೆ ಹಿಂದಿದ್ದವರೆಲ್ಲ ಗಾಬರಿಯಾಗಿ ತಂತಮ್ಮ ಜೇಬು ತಟ್ಟಿಕೊಂಡರು. ಪಕ್ಕದ ಮನೆಯಾತ ನೋವಿನ ಎಣ್ಣೆ ತಂದುಕೊಟ್ಟು, “ಸೊಂಟ ಹಿಡಿದ್ರೆ ತಟ್ಟಬಾರದು ತಾತ, ತಿಕ್ಕಬೇಕು,” ಎಂದ.

ಒಂದೇ ಒಂದು ಸಣ್ಣ ತೊಡಕಿತ್ತು. ನನ್ನ ಕ್ಲಿಪ್ಪು ಎಷ್ಟು ಭದ್ರವಾಗಿತ್ತೆಂದರೆ ಚಾಕುವನ್ನು ಜೇಬಿನಿಂದ ಕೀಳಲು ಎರಡು ಕೈ, ಒಂದು ಗೋಡೆ, ಜೊತೆಗೆ ಕೊಂಚ ದೈವಸಹಾಯ ಬೇಕಾಗುತ್ತಿತ್ತು. ಅದೂ ಅಲ್ಲದೆ, ಚಾಕು ಕಳೆಯುವುದು ಯಾವಾಗ? ಹೊರಗೆ ತೆಗೆದಾಗ. ತೆಗೆಯದಿದ್ದರೆ ಕಳೆಯುವುದು ಹೇಗೆ? ಈ ಸತ್ಯ ಹೊಳೆದ ಕೂಡಲೇ ಎರಡನೇ ನಿಯಮ ಸೇರಿಸಿದೆ: ‘ಚಾಕುವನ್ನು ಹೊರಗೆ ತೆಗೆಯತಕ್ಕದ್ದಲ್ಲ.’

ಆದರೆ ಕೆಲಸ ನಿಲ್ಲುತ್ತದೆಯೇ? ಸೋಮವಾರ ಹಲ್ಲಿನ ಡಾಕ್ಟರಮ್ಮನ ಸೋಫಾ ಮುಗಿಸಬೇಕಿತ್ತು. ರೋಗಿಗಳು ಸರದಿ ಕಾಯುತ್ತಾ ಕೂರುವ ಉದ್ದನೆಯ ಸೋಫಾ. ಸ್ಪಂಜು ಕೊಯ್ಯಲು ಚಾಕು ಬೇಕೇ ಬೇಕು. ಹೊರಡುವಾಗ ಅಡುಗೆಮನೆಯ ಮರದ ಹಿಡಿಯ ಚಾಕುವನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡೆ (ಹೆಂಡತಿ ಹಿತ್ತಲಲ್ಲಿದ್ದಳು, ಸಣ್ಣ ವಿಷಯಕ್ಕೆಲ್ಲ ಕೂಗಿ ಕರೆಯುವ ಅಭ್ಯಾಸ ನನಗಿಲ್ಲ). ಸೊಗಸಾದ ಚಾಕು, ಸ್ಪಂಜನ್ನು ಬೆಣ್ಣೆಯಂತೆ ಕೊಯ್ದಿತು. ಸಂಜೆ ಸೋಫಾದ ಹೊಟ್ಟೆ ಮುಚ್ಚುವ ಮೊದಲು ಎದ್ದೆ, ನಿಯಮದಂತೆ ಜೇಬು ತಟ್ಟಿದೆ, “ಇದೆ” ಎಂದೆ, ನೆಮ್ಮದಿಯಾಗಿ ಹೊಲಿಗೆ ಹಾಕಿದೆ. ಮರುದಿನ ಗಾಡಿಯಲ್ಲಿ ಸೋಫಾ ಹೋಯಿತು.

ಅಂದೇ ಮಧ್ಯಾಹ್ನ ಮನೆಯಲ್ಲಿ ರಂಪ.

“ರೀ, ನನ್ನ ಚಾಕು ನೋಡಿದ್ರಾ?”

“ತಟ್ಟೆ ಸ್ಟ್ಯಾಂಡಿನ ಕೆಳಗೆ ಇಲ್ವಾ?” ಎಂದೆ. ಅಲ್ಲಿ ವಾಪಸ್ ಇಟ್ಟದ್ದು ನನಗೆ ಕಲ್ಲಿನಲ್ಲಿ ಕೆತ್ತಿದಂತೆ ನೆನಪಿತ್ತು.

“ಇದ್ದಿದ್ರೆ ನಿಮ್ಮನ್ನ್ಯಾಕೆ ಕೇಳ್ತಿದ್ದೆ? ನಿನ್ನೆಯಿಂದ ಹಲ್ಲಲ್ಲಿ ತರಕಾರಿ ಹೆಚ್ಚೋದೊಂದು ಬಾಕಿ!”

ಇಂಥ ಅವಕಾಶ ಬಿಡುವವನೇ ನಾನು? ಅವಳನ್ನು ಬಾಗಿಲ ಹಿಂದಿನ ರಟ್ಟಿನ ಎದುರು ನಿಲ್ಲಿಸಿ ಉಪದೇಶ ಕೊಟ್ಟೆ. “ನೋಡು, ವಸ್ತು ಕಳೆಯೋದು ವಸ್ತುವಿನ ತಪ್ಪಲ್ಲ, ಇಟ್ಟವರ ತಪ್ಪು. ನನ್ನ ನೋಡಿ ಕಲಿ,” ಎಂದು ಎರಡು ಸಲ ತಟ್ಟಿ ತೋರಿಸಿದೆ. ಅವಳು ನನ್ನ ಮುಖ ನೋಡಿದಳು, ನನ್ನ ಜೇಬನ್ನು ಅಳತೆ ತೆಗೆಯುವಂತೆ ನೋಡಿ ಒಳಗೆ ಹೋದಳು. ಆ ನೋಟಕ್ಕೆ ನಾನು ಹೆದರಬೇಕಿತ್ತು. ಗೆದ್ದೆ ಎಂದುಕೊಂಡೆ.

ಬುಧವಾರ ಅಂಗಡಿಗೆ ರಜೆ. ನನ್ನ ಕೆಲಸದ ಪ್ಯಾಂಟು ಒಗೆಯುವ ದಿನ. ಗುರುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಪ್ಯಾಂಟು ಬಂತು. ಹಾಕಿಕೊಂಡೆ, ಅಂಗಿ ಇಳಿಬಿಟ್ಟೆ, ತಟ್ಟಿದೆ. ದಪ್ಪಗೆ, ಗಟ್ಟಿಗೆ ಕೈಗೆ ತಾಗಿತು. “ಇದೆ!” ಎಂದೆ.

“ಇದ್ಯಾ?” ಎಂದಳು ಹೆಂಡತಿ.

“ಹೋಗೋಕೆ ದಾರಿ ಎಲ್ಲಿದೆ ಅದಕ್ಕೆ!”

ಆ ವಾರ ಊಟವೂ ಯಾಕೋ ಹೆಚ್ಚು ರುಚಿಯೆನಿಸಿತು. ಬೀನ್ಸು ಎಳೆ ಎಳೆಯಾಗಿ, ಕ್ಯಾರೆಟ್ಟು ಕಾಗದದಷ್ಟು ತೆಳ್ಳಗೆ. “ಏನೇ, ಹೊಸ ಚಾಕು ತಂದ್ಯಾ?” ಎಂದು ಕೇಳಿದೆ.

“ಹೂಂ, ಒಂದು ಸಿಕ್ತು. ಚೆನ್ನಾಗಿದೆ.”

“ಜೋಪಾನ. ನಿನ್ನ ಕೈಯಲ್ಲಿ ಎಷ್ಟು ದಿನ ಇರುತ್ತೋ!”

ಹೀಗೆ ಗುರುವಾರದಿಂದ ಹನ್ನೊಂದು ದಿನ ತಟ್ಟಿ, ಅಂಗಡಿಯಲ್ಲಿ ದೊಡ್ಡ ಕತ್ತರಿಯಿಂದಲೇ ಹೇಗೋ ಕೆಲಸ ಸಾಗಿಸಿ, ಹೇಳಿದ ಭಾನುವಾರ ಮುಟ್ಟಿದೆ. ಮಗಳು ಅಳಿಯ ಬಂದರು. ಅಂಗಡಿಯ ಬೀಗದ ಕೈಯನ್ನು ನಾನೇ ಮೇಜಿನ ನಡುವೆ ಇಟ್ಟೆ. ಗೆಲ್ಲುವವನು ದಂಡನಾಯಕನಂತೆ ನಡೆದುಕೊಳ್ಳಬೇಕು.

“ಎಲ್ಲಪ್ಪಾ ಚಾಕು?” ಎಂದಳು ಮಗಳು.

“ತಾಳು. ಮೊದಲು ಅದು ಯಾಕೆ ಕಳೆಯಲಿಲ್ಲ ಅಂತ ತಿಳ್ಕೋ.” ರಟ್ಟು ಇಳಿಸಿ ತಂದೆ. ಸ್ಕ್ರೂವಿನಿಂದ ರೆಕ್ಸಿನ್‌ವರೆಗೆ, ತಟ್ಟುವಾಗ ಅಂಗೈ ಇರಬೇಕಾದ ಭಂಗಿಯವರೆಗೆ ವಿವರಿಸಿದೆ. ಅಳಿಯ ಎರಡು ಸಲ ಆಕಳಿಸಿದ. ಕೊನೆಗೆ ಎದ್ದು, ಎರಡು ಸಲ ತಟ್ಟಿ, “ಇದೆ!” ಎಂದು ಗುಡುಗಿ, ಅಂಗಿಯನ್ನು ತೆರೆಯಂತೆ ಸರಿಸಿದೆ.

ಜೇಬಿನ ಅಂಚಿನಲ್ಲಿ, ಎರಡು ಪದರ ರೆಕ್ಸಿನ್‌ಗೆ ಬಿಗಿಯಾಗಿ ಕಚ್ಚಿಕೊಂಡು, ಬಟ್ಟೆ ಒಣಗಿಸುವ ಮರದ ಕ್ಲಿಪ್ಪು ಇತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಬಚಾವಾಗುತ್ತಿದ್ದೆ. ಮಗಳ ಕಣ್ಣಲ್ಲಿ ನೀರು ನಿಂತಿತು. “ಅಪ್ಪಾ...” ಎಂದಳು, ಚಿಕ್ಕ ಮಗುವನ್ನು ಕರೆಯುವ ದನಿಯಲ್ಲಿ. ಆ ದನಿ ನನ್ನ ನಾಲ್ಕೂ ಚಾಕುಗಳಿಗಿಂತ ಹರಿತವಾಗಿತ್ತು. ನಾನು ಬೀಗದ ಕೈಯನ್ನು ಅಳಿಯನ ಕಡೆ ತಳ್ಳಿದೆ. ಅದು ಮೇಜಿನ ಮೇಲೆ ಕಿರ್ರೆಂದು ಸರಿಯಿತು.

“ಅದನ್ನ ಮುಟ್ಟಬೇಡಪ್ಪಾ,” ಎಂದಿತು ಅಡುಗೆಮನೆಯ ಕಡೆಯಿಂದ ಒಂದು ದನಿ. ಹೆಂಡತಿ ಬಂದಳು. ಅವಳ ಕೈಯಲ್ಲಿ ಕರಿ ಹಿಡಿಯ ಚಾಕು; ಅಲಗಿಗೆ ಈರುಳ್ಳಿ ಸಿಪ್ಪೆ ಅಂಟಿತ್ತು. “ಚಾಕು ಕಳೆದಿಲ್ಲ. ಬುಧವಾರ ಪ್ಯಾಂಟು ಒಗೆಯೋವಾಗ ನಾನೇ ತಗೊಂಡೆ. ಚಮಚ ತೂರಿಸಿ ಎಬ್ಬಿಸಬೇಕಾಯ್ತು. ನನ್ನ ಚಾಕು ಕಾಣ್ತಿಲ್ಲ, ಇವರದ್ದು ಜೇಬಲ್ಲಿ ಸುಮ್ನೆ ಕೂತಿದೆ. ಪಾಪ, ತಟ್ಟೋಕೆ ಏನಾದ್ರೂ ಇರ್ಲಿ ಅಂತ ಕ್ಲಿಪ್ಪು ಸಿಕ್ಕಿಸ್ದೆ. ಇವತ್ತು ನೋಡ್ತಾರೆ, ನಾಳೆ ನೋಡ್ತಾರೆ ಅಂತ ಕಾದೆ.” ಮಗಳ ಕಡೆ ತಿರುಗಿದಳು. “ಅಂಗಡಿ ನಿಮ್ಮಪ್ಪಂದೇ. ಇವರನ್ನ ದಿನವಿಡೀ ಮನೇಲಿ ಕೂರಿಸ್ಕೊಳ್ಳೋಕೆ ನನ್ ಕೈಲಾಗಲ್ಲ.”

ಮಗಳು ಕಣ್ಣೊರೆಸಿಕೊಂಡು ನಕ್ಕಳು. ಅಳಿಯ ನನಗಿಂತ ದೊಡ್ಡ ನಿಟ್ಟುಸಿರು ಬಿಟ್ಟು ಬೀಗದ ಕೈಯನ್ನು ನನ್ನ ಕಡೆ ಸರಿಸಿದ. ನನಗೆ ಹೋದ ಜೀವ ಬಂತು, ಜೀವದ ಹಿಂದೆಯೇ ಗತ್ತೂ ಬಂತು.

“ನೋಡಿದ್ರಾ?” ಎಂದೆ. “ನನ್ನ ಚಾಕು ಕಳೆದಿಲ್ಲ! ಈ ಮನೆಯಲ್ಲಿ ಚಾಕು ಕಳೆದವರು ಒಬ್ಬರೇ, ಅದು ನಿಮ್ಮಮ್ಮ. ಎಲ್ಲಿಟ್ಟಿದ್ದಾಳೋ, ಏನು ಕಥೆಯೋ!”

ಆಗಲೇ ನನ್ನ ಫೋನು ಬಡಿದುಕೊಂಡಿತು. ಕನ್ನಡಕ ಸಿಗದಿದ್ದರಿಂದ (ಹಣೆಯ ಮೇಲಿತ್ತು) ಮಗಳೇ ಎತ್ತಿ, ಎಲ್ಲರಿಗೂ ಕೇಳುವಂತೆ ಜೋರು ಮಾಡಿ ಮೇಜಿನ ಮೇಲಿಟ್ಟಳು.

“ಸೋಫಾ ತಾತ ಇದಾರಾ? ನಾನು ಹಲ್ಲಿನ ಡಾಕ್ಟರು. ನಿಮ್ಮ ಸೋಫಾದ ಬಲಗಡೆ ಕೂತವರೆಲ್ಲ ಏನೋ ಒತ್ತುತ್ತೆ ಅಂತಿದ್ರು. ಹಲ್ಲುನೋವು ಸೊಂಟಕ್ಕೆ ಇಳಿದಿರಬೇಕು ಅಂತ ನಾನು ಸುಮ್ನಿದ್ದೆ. ಇವತ್ತು ರಜೆ ಅಂತ ನಾನೇ ಕೂತೆ, ತಾತ. ಸ್ಪಂಜಿನೊಳಗೆ ಮರದ ಹಿಡಿ ಥರ ಏನೋ ಕೈಗೆ ಸಿಗುತ್ತೆ. ಏನಿಟ್ಟಿದ್ದೀರಿ ಒಳಗೆ?”

ತಟ್ಟೆ ಸ್ಟ್ಯಾಂಡಿನ ಕೆಳಗೇ ಇಟ್ಟೆ ಎಂದು ಕಲ್ಲಿನಲ್ಲಿ ಕೆತ್ತಿದ್ದ ನನ್ನ ನೆನಪು ಅಳಿಸಿಹೋಗುವ ಸದ್ದು ನನಗಂತೂ ಕೇಳಿಸಿತು. ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

“ಯಾರನ್ನೂ ಕೂರಕ್ಕೆ ಬಿಡಬೇಡಿ ಡಾಕ್ಟ್ರೇ, ಈಗ್ಲೇ ಬರ್ತೀವಿ,” ಎಂದು ಫೋನಿಗೆ ಹೇಳಿದವಳು ನನ್ನ ಕೈ ಕೆಳಗಿದ್ದ ಬೀಗದ ಕೈಯನ್ನು ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. “ಅಂಗಡಿ ನಿಮ್ಮದೇ. ನಾಳೆಯಿಂದ ನಾನೂ ಬಂದು ಕೂರ್ತೀನಿ, ಅಷ್ಟೆ. ಹೊಲಿಗೆ ಹಾಕೋ ಮುಂಚೆ ಒಳಗೆ ಏನಿದೆ ಅಂತ ನಾನು ನೋಡ್ಬೇಕು.”

ಮಗಳು ಅದಕ್ಕೆ ತಕ್ಷಣ ಒಪ್ಪಿದಳು. ನನ್ನನ್ನು ಕೇಳಿದವರಿಲ್ಲ.

ಸೋಫಾದ ಹೊಲಿಗೆ ಬಿಚ್ಚಲು ಚಾಕು ಬೇಕಲ್ಲ! ಕೈ ಚಾಚಿದೆ. ಅವಳು ಕೊಡಲಿಲ್ಲ. ಕರಿ ಚಾಕುವಿನ ಸಿಪ್ಪೆ ಒರೆಸಿ, ಮಡಚಿ, ತನ್ನ ಕೈಚೀಲದ ಬಾಯಿಗೆ ಸಿಕ್ಕಿಸಿಕೊಂಡಳು. ನನ್ನ ಉಗುರುಬಣ್ಣದ ಸ್ಕ್ರೂಗಳು ಅಲ್ಲಿ ಕೆಂಪಗೆ ಹೊಳೆದವು. ಹೊಸಿಲು ದಾಟುವ ಮುನ್ನ ನಿಂತು, ಚೀಲವನ್ನು ಎರಡು ಸಲ ತಟ್ಟಿ, “ಇದೆ” ಎಂದಳು.

ಅಭ್ಯಾಸಬಲ ನೋಡಿ, ನಾನೂ ನನ್ನ ಜೇಬು ತಟ್ಟಿಕೊಂಡೆ. ಮರದ ಕ್ಲಿಪ್ಪು ಭದ್ರವಾಗಿತ್ತು.