ಕಿವಿ ನೋಡಿ ಮಟನ್ ತರುವ ಕಾಕಾ

ನಮ್ಮ ಕಾಕಾನಿಗೆ ಸೊಲ್ಲಾಪುರದಲ್ಲಿ ಗುರುತಿನ ಮನುಷ್ಯರು ಕಡಿಮೆ, ಗುರುತಿನ ಕುರಿಗಳು ಜಾಸ್ತಿ!

ಇದು ಉತ್ಪ್ರೇಕ್ಷೆಯಲ್ಲ. ಉತ್ಪ್ರೇಕ್ಷೆ ನನ್ನ ಸ್ವಭಾವದಲ್ಲಿಲ್ಲ. ನಾನು ಓದಿದ್ದು ರಸಾಯನಶಾಸ್ತ್ರ. ಎದುರು ಮನೆಯವರ ಅಡ್ಡಹೆಸರು ಕಾಕಾನಿಗೆ ಇಂದಿಗೂ ಗೊತ್ತಿಲ್ಲ. ಆದರೆ ಮಟನ್ ಅಂಗಡಿಯ ಕಟ್ಟೆಯ ಮೇಲಿಟ್ಟ ತಲೆಯೊಂದನ್ನು ನೋಡಿ, "ಇದು ದುಧನಿ ಕಡೀದು. ಇದರ ಮಾಲಕನ ಮಗಳ ಲಗ್ನ ಈಗರ ಆಗ್ಯಾದ," ಎಂದು ಹೇಳಬಲ್ಲರು. ತಲೆ ಸುಮ್ಮನಿರುತ್ತದೆ. ಅಲ್ಲಗಳೆಯುವ ಸ್ಥಿತಿಯಲ್ಲಿ ಅದು ಇರುವುದಿಲ್ಲ.

ಕಾಕಾ ಎಂದರೆ ನನ್ನ ಮೌಶಿಯ ಗಂಡ, ತಾಯಿಯ ತಂಗಿಯ ಯಜಮಾನರು. ನಮ್ಮ ಮನೆ ಅಕ್ಕಲಕೋಟದಲ್ಲಿ. ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಾಗಿನಿಂದ ನಾನು ಇವರಲ್ಲಿಯೇ ಇದ್ದೇನೆ. ಕಾಕಾ ಟವೆಲ್ ಕಾರ್ಖಾನೆಯಲ್ಲಿ ಮುಕಾದಮ, ಅಂದರೆ ಮೇಸ್ತ್ರಿ. ಹುಟ್ಟಿದ್ದು ಮಾತ್ರ ನಾಗಣಸೂರ ಹತ್ತಿರದ ಹಳ್ಳಿಯಲ್ಲಿ, ಬೀರೋಬಾ ದೇವರಿಗೆ ನಡೆದುಕೊಳ್ಳುವ ಕುರಿಗಾರರ ಮನೆಯಲ್ಲಿ. ಕುರಿ ಸಾಕುವ ಮನೆತನಕ್ಕೆ ಒಂದೊಂದು ಕಿವಿಯ ಗುರುತು ಇರುತ್ತದೆ. ಮರಿಯಿದ್ದಾಗಲೇ ಕಿವಿಗೆ ಸಣ್ಣ ಕಚ್ಚು ಹಾಕಿಬಿಡುತ್ತಾರೆ. ಹಿಂಡು ಹಿಂಡಿನಲ್ಲಿ ಬೆರೆತರೂ ಯಾವುದು ಯಾರದೆಂದು ಜಗಳವಾಗಬಾರದು. ಕಾಕಾನ ಮನೆಯದು ಎಡಗಿವಿಯ ತುದಿ ಸೀಳು, ಬಲಗಿವಿಯ ಅಂಚಿಗೊಂದು ಕಚ್ಚು.

ಆದ್ದರಿಂದ ಪ್ರತಿ ರವಿವಾರ ಮುಂಜಾನೆ ಕಾಕಾ ಇಸ್ತ್ರಿಯ ಅಂಗಿ ತೊಟ್ಟು ಅಂಗಡಿಗೆ ಹೋಗಿ, ಮಾಂಸ ನೋಡುವ ಮೊದಲು ಕಿವಿ ನೋಡುತ್ತಾರೆ. ಹಿಂದೆ ನಿಂತ ಗಿರಾಕಿಗಳು ಕೆಮ್ಮುತ್ತಾರೆ, ಗಡಿಯಾರ ನೋಡುತ್ತಾರೆ.

"ಕಾಕಾ, ಮಟನ್ ಬೇಕೋ ಕುರಿದು ಆಧಾರ ಕಾರ್ಡ್ ಬೇಕೋ?" ಎನ್ನುತ್ತಾನೆ ಅಂಗಡಿಯ ಭಾಯಿ.

"ಎರಡೂ ತಗಿ."

ತಲೆಗೆ ತಮ್ಮ ಮನೆಯ ಕಿವಿ ಇದ್ದರೆ ಕಾಕಾ ಅದರ ಮಾಂಸ ಒಯ್ಯುವುದಿಲ್ಲ. ಯಾಕೆ? ಮನೆಯ ಕುರಿಯ ಮೇಲಿನ ಮಮತೆಯೇ? ಛೇ, ಇಲ್ಲ. "ಆ ಮನಷ್ಯಾ ಬೆಳಿಸಿದ ಕುರಿ ನನ್ನ ಕಡಾಯ್ಯಾಗ ಬೀಳಬಾರದು!"

ಆ ಮನುಷ್ಯ ಎಂದರೆ ಕಾಕಾನ ಸ್ವಂತ ಅಣ್ಣ. ಅವರ ವಿಷಯ ಆಮೇಲೆ. ಕಾಕಾ ಅಡಿಗೆಗೆ ನಿಂತಾಗ ಬೇರೆಯವರ ಹೆಸರೆತ್ತುವುದು ಕ್ಷೇಮವಲ್ಲ.

ಅಡಿಗೆ ನಡೆಯುವುದು ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ. ದೇವರ ಪಟಗಳಿರುವ ಅಡಿಗೆಮನೆಯೊಳಗೆ ಮೌಶಿ ಮಟನ್ ಬಿಡುವುದಿಲ್ಲ. ಹಾಗೆಂದು ಮೌಶಿ ತಿನ್ನುವುದಿಲ್ಲವೆ? ಎಲ್ಲರಿಗಿಂತ ಹೆಚ್ಚು ತಿನ್ನುತ್ತಾಳೆ. ಗ್ಯಾಲರಿಯಲ್ಲಿ ಕೂತು ತಿಂದದ್ದು ಒಳಗಿನ ಪಟಗಳಿಗೆ ಕಾಣುವುದಿಲ್ಲವೆಂದು ಅವಳ ನಂಬಿಕೆ.

ಕಾಕಾ ಅಂಚು ತಪ್ಪಿ ನೇಯ್ದ ಟವೆಲೊಂದನ್ನು ತಲೆಗೆ ಸುತ್ತಿಕೊಂಡು ಕಬ್ಬಿಣದ ಕಡಾಯಿ ಇಡುತ್ತಾರೆ. ಎಣ್ಣೆ ಹೆಸರಿಗಷ್ಟೆ, ಎಳೆ ಕುರಿಯ ಚರಬಿಯೇ ಕರಗಿ ಕೆಲಸ ಮಾಡಬೇಕು. ನೀರು ನಿಷಿದ್ಧ. ಮಾಂಸ ತನ್ನ ನೀರು ತಾನೇ ಬಿಟ್ಟು, ತಾನೇ ಕುಡಿದು, ತಳ ಹಿಡಿಯುವ ಹೊತ್ತಿಗೆ ಸರಿಯಾಗಿ ಬಳ್ಳೊಳ್ಳಿ, ಲವಂಗಿ ಮೆಣಸಿನಕಾಯಿಯ ಖಾರ, ಕಪ್ಪಾಗುವಂತೆ ಸುಟ್ಟು ಅರೆದ ಒಣಕೊಬ್ಬರಿ ಬೀಳುತ್ತವೆ. ಆಮೇಲೆ ದೊಡ್ಡ ಉರಿಯಲ್ಲಿ ಕೈಬಿಡದೆ ಹುರಿಯುವುದು. ಇದಕ್ಕೆ ಸುಕ್ಕಾ ಎನ್ನುತ್ತೇವೆ. ಸುತ್ತಲಿನವರು ಬೇರೆ ಏನೇನೋ ಎನ್ನುತ್ತಾರೆ.

ಮೊದಲು ಮೇಲಿನ ಮನೆಯ ಕಿಟಕಿ ಮುಚ್ಚುತ್ತದೆ. ಆಮೇಲೆ ಕೆಳಗಿನದು. ಆಮೇಲೆ ಇಡೀ ಕಟ್ಟಡ ಒಕ್ಕೊರಲಿನಿಂದ ಸೀನುತ್ತದೆ. ಒಮ್ಮೆ ವಿಮೆಯ ಏಜೆಂಟನೊಬ್ಬ ಮೆಟ್ಟಿಲು ಹತ್ತುತ್ತ ಬಂದವನು, ನಮ್ಮ ಬಾಗಿಲಲ್ಲಿ ನಿಂತು ಮಾತಾಡಲಾಗದೆ ಕೈ ಮುಗಿದು ಹೋಗಿಬಿಟ್ಟ. "ಭಾಳ ನಮ್ರ ಮನಷ್ಯಾ," ಎಂದರು ಕಾಕಾ.

ನನಗೆ ಅಳತೆಯಿಲ್ಲದೆ ಏನೂ ತಿಳಿಯುವುದಿಲ್ಲ. ಒಮ್ಮೆ ಚಮಚ ಹಿಡಿದು ಪಕ್ಕದಲ್ಲಿ ನಿಂತೆ.

"ಕಾಕಾ, ಖಾರ ಎಷ್ಟ ಚಮಚ?"

"ಸಾಕು ಅನ್ನೋತನಕ ಹಾಕೂದು."

"ಯಾರು ಸಾಕು ಅನ್ನೋತನಕ?"

"ಕುರಿ."

ಚಮಚವನ್ನು ಒಳಗಿಟ್ಟು ಬಂದೆ. ನನ್ನ ಜೊತೆ ಪಾಠ ಹೇಳುವ ಗೆಳತಿಯೊಬ್ಬಳು ಊಟಕ್ಕೆ ಬಂದಾಗ ಒಂದೇ ತುಂಡಿಗೆ ಅವಳ ಕಣ್ಣಲ್ಲಿ ಧಾರೆ. ನಾನು ಗಾಬರಿಯಾಗಿ ಮೊಸರು ತರಲು ಓಡಿದರೆ ಕಾಕಾ ಸಮಾಧಾನದಿಂದ ಅವಳನ್ನೇ ನೋಡುತ್ತಿದ್ದರು. "ಅಳಾಕತ್ತಾಳ. ಅಂದ್ರ ಛಲೋ ಆಗ್ಯಾದ."

ಈಗ ಅಣ್ಣನ ವಿಷಯ. ಇದನ್ನು ನನಗೆ ಹೇಳಿದವಳು ಮೌಶಿ, ಅದೂ ಕಾಕಾ ಕಾರ್ಖಾನೆಗೆ ಹೋದ ಮೇಲೆ, ಬಾಗಿಲು ಹಾಕಿಕೊಂಡು.

ಬೀರೋಬಾನಿಗೆ ಕುರಿ ಬಲಿ ಕೊಟ್ಟ ದಿನ ಊರಲ್ಲಿ ಅಡಿಗೆ ಮಾಡುವವರು ಗಂಡಸರೇ. ಹೆಂಗಸರು ರೊಟ್ಟಿ ಬಡಿದು ಕೊಟ್ಟರೆ ಮುಗಿಯಿತು. ಕಡಾಯಿಯ ಹಕ್ಕು ಮನೆಯ ಹಿರಿಯನದು. ಹಿರಿಯಣ್ಣನ ಅಡಿಗೆ ಬೋಳು: ಉಪ್ಪು, ಅರಿಶಿನ, ಬಳ್ಳೊಳ್ಳಿ, ಖಾರ. ಅಂಥದೊಂದು ದಿನ ಅಣ್ಣ ಕಟ್ಟಿಗೆ ತರಲು ಅತ್ತ ಹೋದಾಗ, ಸೊಲ್ಲಾಪುರದ ರುಚಿ ಹತ್ತಿದ ನಮ್ಮ ಕಾಕಾ ಚೀಲದಿಂದ ಸುಟ್ಟ ಕೊಬ್ಬರಿಯ ಪುಡಿ ತೆಗೆದು ಕಡಾಯಿಗೆ ಸುರಿದುಬಿಟ್ಟರು. ದೇವರಿಗೆ ಎಡೆ ಹಿಡಿದು, ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ಅಣ್ಣ ಒಂದು ತುತ್ತು ಬಾಯಿಗಿಟ್ಟು ಊರಿಗೆಲ್ಲ ಕೇಳುವಂತೆ ಕೇಳಿದರು: "ಯಾರರ ಹಡದಾರೇನೋ? ಬಾಣಂತಿ ಅಡಿಗಿ ಆಗ್ಯಾದಲ್ಲ!"

ನಮ್ಮ ಕಡೆ ಒಣಕೊಬ್ಬರಿ ತಿನ್ನಿಸುವುದು ಬಾಣಂತಿಗೆ. ಇಡೀ ಪಂಕ್ತಿ ನಕ್ಕಿತು. ಕಾಕಾ ಉಣ್ಣುವ ತಾಟು ಬಿಟ್ಟು ಎದ್ದರು. ದೇವರ ಊಟದಿಂದ ಅರ್ಧಕ್ಕೆ ಎದ್ದವನನ್ನು ಅಣ್ಣ ಕರೆಯಲಿಲ್ಲ. ಕರೆಯದ ಅಣ್ಣನ ಕಡೆ ತಮ್ಮ ತಿರುಗಲಿಲ್ಲ. ಕಾಕಾ ಕೈ ಕೂಡ ತೊಳೆಯದೆ ಬಸ್ ಹತ್ತಿದರಂತೆ. ಹಿಂದೆ ಮೌಶಿ ಓಡಿದಳಂತೆ, ಚಪ್ಪಲಿ ಕೈಯಲ್ಲಿ ಹಿಡಿದು.

ಬೇರೆ ಮನೆಗಳು ಹೊಲಕ್ಕೆ ಒಡೆಯುತ್ತವೆ, ಬಾವಿಗೆ ಒಡೆಯುತ್ತವೆ. ಇವರಿಗೂ ಹೊಲವಿತ್ತು, ಬಾವಿಯಿತ್ತು. ಅವೆಲ್ಲ ಬಿಟ್ಟು ಒಣಕೊಬ್ಬರಿಗೆ ಒಡೆದ ಮನೆ ನನಗೆ ತಿಳಿದಂತೆ ಇದೊಂದೇ! ಅಂದಿನಿಂದ ವರ್ಷಗಳು ಕಳೆದರೂ ಇಬ್ಬರಲ್ಲಿ ಮಾತಿಲ್ಲ.

"ಸಿಟ್ಟು ಇನ್ನೂ ಇಳಿದಿಲ್ಲ ಅಂದ್ರ ಆ ಅಂಗಡಿಗ್ಯಾಕ ಹೋಗ್ತಾರ ಮೌಶಿ? ಅವರ ಅಣ್ಣ ಅಕ್ಕಲಕೋಟ ಬಜಾರದಾಗ ಮಾರಿದ ಕುರಿ ಬರೂದು ಅಲ್ಲೇ ಅಲ್ಲೇನು? ಮನಿ ಮುಂದ ಮತ್ತೊಂದು ಅಂಗಡಿ ಅದ."

ಮೌಶಿ ರೊಟ್ಟಿಯ ಹಿಟ್ಟಿನ ಕೈ ಒರೆಸಿಕೊಂಡಳು. "ಇಷ್ಟ ಓದೀದಿ, ತಿಳೀವಲ್ದೇನು? ಅವರು ಮಟನ್ ತರಾಕ ಹೋಗಂಗಿಲ್ಲ. ಅಣ್ಣನ ಖಬರ್ ತರಾಕ ಹೋಗ್ತಾರ."

ಮುಂದಿನ ರವಿವಾರ ನಾನೂ ಜೊತೆಗೆ ಹೋದೆ. ಕಟ್ಟೆಯ ಮೇಲೆ ತಮ್ಮ ಮನೆಯ ಕಿವಿ ಕಂಡಿತು. ಕಾಕಾ ಮುಖ ಗಂಟು ಹಾಕಿಕೊಂಡು, "ಥೂ, ಆ ಮನಷ್ಯಾಂದು," ಎಂದರು. ಆಮೇಲೆ ಭಾಯಿಗೆ ಮೆತ್ತಗೆ ಕೇಳಿದರು: "ಮೈ ತುಂಬಿತ್ತೇನು? ಗೊರಸು ಹೆಂಗಿದ್ವು?"

"ಏಕದಮ್ ಛಲೋ ಇತ್ತ ಕಾಕಾ. ಟಗರಮರಿ, ಡುಬ್ಬದ ಮ್ಯಾಲ ಕೈ ಇಟ್ರ ಜಾರತಿತ್ತ."

ಅವತ್ತು ಕಾಕಾ ದುಧನಿಯ ಕುರಿಯ ಮಾಂಸ ತೆಗೆದುಕೊಂಡು, ದಾರಿಯುದ್ದಕ್ಕೂ ಗುನುಗುತ್ತ ಮನೆಗೆ ಬಂದರು. ಕುರಿ ಚೆನ್ನಾಗಿದ್ದರೆ ಕುರಿಗಾರ ಚೆನ್ನಾಗಿದ್ದಾನೆ. ಇದರಲ್ಲಿ ಅಳತೆಯೂ ಇತ್ತು, ಫಲಿತಾಂಶವೂ ಇತ್ತು. ಒಪ್ಪಿಕೊಳ್ಳಲು ನನಗೆ ಯಾವ ತೊಂದರೆಯೂ ಆಗಲಿಲ್ಲ.

ಹೀಗೆ ಎಷ್ಟೋ ರವಿವಾರಗಳು. ಆಮೇಲೆ ಕಳೆದ ಚಳಿಗಾಲದಲ್ಲಿ ಒಂದು ದಿನ ಕಟ್ಟೆಯ ಮೇಲಿನ ತಲೆಯನ್ನು ಮುಟ್ಟಿದ ಕಾಕಾ ಕೈ ಹಿಂದಕ್ಕೆ ಎಳೆದುಕೊಂಡರು. ಕಿವಿ ಅವರದೇ. ಆದರೆ ಟಗರಲ್ಲ, ಹೆಣ್ಣು ಕುರಿ. ಅಂಗಡಿಯ ಹಿಂದೆ ಅದೇ ಕಿವಿಯ ಇನ್ನೆರಡು ಹೆಣ್ಣು ಕುರಿಗಳನ್ನು ಜೀವಂತ ಕಟ್ಟಿಹಾಕಿದ್ದರು.

"ಇವು ಮರಿ ಹಾಕೋ ಕುರಿ. ಇವನ್ನ ಯಾವ ಕುರುಬ ಮಾರ್ತಾನ?"

ಭಾಯಿ ಚಾಕು ಕೆಳಗಿಟ್ಟ. "ಮಾಲಕಗ ಕಣ್ಣ ಕಾಣವಲ್ದಂತ್ರಿ ಕಾಕಾ. ಹಿಂಡ ಮಾರಿ ತೆಗ್ಯಾಕತ್ತಾನಂತ ಬಜಾರದಾಗ ಮಾತಾಡತಿದ್ರು."

ಕಾಕಾ ಆ ಎರಡೂ ಕುರಿಗಳನ್ನು ಕೊಂಡರು. ಬೇರೆ ಹಿಂಡಿನದೊಂದು ಎಳೆಯ ಟಗರಿನ ಮಾಂಸವನ್ನೂ ಕೊಂಡರು. ಮನೆಗೆ ಬಂದು ಕಡಾಯಿ ಕೆಳಗಿಳಿಸಿ ನನಗೆ ಮಸಾಲೆ ಕಟ್ಟಲು ಹೇಳಿದರು. ಉಪ್ಪು, ಅರಿಶಿನ, ಬಳ್ಳೊಳ್ಳಿ, ಖಾರ.

"ಕೊಬ್ಬರಿ, ಕಾಕಾ?"

"ಹೇಳಿದಷ್ಟ ಕಟ್ಟು ತಂಗಿ."

ಅಣ್ಣನ ಊರಿಗೆ ಮೌಶಿ ಬರಲಿಲ್ಲ. "ನಾ ಬಂದ್ರ ಇಬ್ಬರೂ ನನ್ನ ಮಾರಿ ನೋಡ್ಕೋತ ಕುಂದರ್ತಾರ. ನೀ ಹೋಗು. ನೀ ಹೆಂಗೂ ಮಾತಾಡಂಗಿಲ್ಲ," ಎಂದು ನನ್ನನ್ನು ಟೆಂಪೋ ಹತ್ತಿಸಿದಳು.

ಮುಂದೆ ಡ್ರೈವರ್, ಕಾಕಾ, ನಾನು. ಹಿಂದೆ ಎರಡು ಕುರಿಗಳು. ಟಗರು ನನ್ನ ತೊಡೆಯ ಮೇಲೆ, ಚೀಲದಲ್ಲಿ. ಊರು ದಾಟುವ ಮೊದಲೇ ಹಿಂದಿನ ಕುರಿಯೊಂದು ಕಿಂಡಿಯಿಂದ ಮುಖ ತೂರಿಸಿ ನನ್ನ ಓಢಣಿ ತಿನ್ನಲು ಶುರುಮಾಡಿತು. ಸಿಗ್ನಲ್ಲಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಬೈಕು ತಂದು ಪಕ್ಕದಲ್ಲೇ ನಿಲ್ಲಿಸಬೇಕೆ? "ಮ್ಯಾಡಮ್, ಗಾವಾಲಾ ನಿಘಾಲಾತ ಕಾ?" ಊರಿಗೆ ಹೊರಟಿರಾ ಎಂದು ವಿನಯದಿಂದ ಕೇಳಿದ. ನಾನು ಗಾಂಭೀರ್ಯದಿಂದ ತಲೆಯಾಡಿಸಿದೆ. ಕುರಿಯೂ ಆಡಿಸಿತು.

ಅಕ್ಕಲಕೋಟ ದಾಟಿದ ಮೇಲೆ ಕಾಕಾ ಒಂದೇ ಮಾತು ಆಡಿದರು. "ಅವ ಮಾರಿ ತಿರುಗಿಸಿದ್ರ ಏನ ಮಾಡೂದು?"

ಮಸಾಲೆಯ ಗಂಟು ಅವರ ಮುಷ್ಟಿಯಲ್ಲಿ ಹಿಟ್ಟಾಗುತ್ತಿತ್ತು.

ಅಣ್ಣ ಅಂಗಳದ ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಬಿಳಿ ಮೀಸೆ, ಹೆಗಲ ಮೇಲೆ ಕಂಬಳಿ. ಟೆಂಪೋದ ಸದ್ದಿಗೆ ಮುಖ ಎತ್ತಿದರು, ಆದರೆ ನೋಟ ನಮ್ಮಿಂದ ಸ್ವಲ್ಪ ಆಚೆಗೆ ಬಿತ್ತು. ಒಳಗಿನಿಂದ ಬಂದ ಅವರ ಹೆಂಡತಿ, ಕಾಕಾ ವೈನಿ ಎಂದು ಕರೆಯುವ ಅತ್ತಿಗೆ, ಸೆರಗು ಬಾಯಿಗಿಟ್ಟು ನಿಂತುಬಿಟ್ಟರು.

ಕಾಕಾ ಕಾಲಿಗೆ ಬೀಳಲಿಲ್ಲ, ಆರಾಮ ಕೇಳಲಿಲ್ಲ. ಕುರಿಗಳನ್ನು ಅಂಗಳಕ್ಕೆ ಬಿಟ್ಟು ಗಟ್ಟಿಯಾಗಿ ಹೇಳಿದರು: "ನಿನ್ನ ಕುರಿ ತಪ್ಪಿಸಿಕೊಂಡು ಸೊಲ್ಲಾಪುರತನಕ ಬಂದಿದ್ವು. ನೋಡಿಕೋಬಾರದೇನು?"

ಅಣ್ಣ ಕೈ ಚಾಚಿ ಒಂದರ ಕಿವಿ ಹಿಡಿದು ಬೆರಳಿನಿಂದ ಸವರಿದರು.

"ನಮ್ಮವ ಅದಾವ," ಎಂದರು. ಆಮೇಲೆ, "ಕುಂದರು," ಎಂದರು.

ಕಾಕಾ ಕೂರಲಿಲ್ಲ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಕಡಾಯಿ ಇಟ್ಟರು. ಅಣ್ಣ ಹೊರಸಿನ ಮೇಲಿಂದಲೇ ಸದ್ದು ಕೇಳಿ ಅಪ್ಪಣೆ ಕೊಡತೊಡಗಿದರು: "ನೀರ ಹಿಂಗಿದ್ವು, ಖಾರ ಹಾಕು. ಉರಿ ಏರಸು. ಏ, ಕೈ ಬಿಡಬ್ಯಾಡ!"

"ನನಗ ಬರ್ತದ ಬಿಡು."

"ಎಲ್ಲಿ ಬರ್ತದ? ಕೊಬ್ಬರಿ ವಾಸನಿನ ಬರವಲ್ದು. ಹಾಕಿಯಿಲ್ಲೋ?"

"ಹಾಕಿಲ್ಲ."

ಅಣ್ಣ ಸಿಟ್ಟಿನಿಂದ ಎದ್ದೇ ನಿಂತರು. "ಅದರ ಸಲುವಾಗಿ ಇಷ್ಟ ವರ್ಷ ಮಾತ ಬಿಟ್ಟಿ, ಈಗ ಹಾಕಲಾರದ ಬಂದೀಯೇನೋ ಶ್ಯಾಣ್ಯಾ! ಹಂಗಾರ ಮನಿ ಬಿಟ್ಟು ಹೋಗಿದ್ದು ಯಾವ ಸುಖಕ್ಕ?"

ಕಾಕಾ ಕಡಾಯಿಯ ಕಡೆ ಬಾಗಿ ಇನ್ನೂ ಜೋರಾಗಿ ಹುರಿಯತೊಡಗಿದರು. ವೈನಿ ನಗುತ್ತಿದ್ದರು, ಕಣ್ಣು ಮಾತ್ರ ಒರೆಸಿಕೊಳ್ಳುತ್ತಿದ್ದರು. ಖಾರದ ಘಾಟು ಇರಬಹುದೆಂದುಕೊಂಡೆ.

"ನಾಳಿ ನನ್ನ ಜೋಡಿ ಸೊಲ್ಲಾಪುರಕ್ಕ ಬಾ," ಎಂದರು ಕಾಕಾ, ಬಡಿಸುತ್ತ. "ಕಣ್ಣಿನ ಡಾಕ್ಟರಗ ತೋರಿಸೂಣು."

"ಕಣ್ಣಿಗೆ ಏನಾಗ್ಯಾದ? ಎಲ್ಲಾ ಕಾಣತದ," ಎಂದು ಅಣ್ಣ ತಾಟಿಗೆ ಕೈ ಚಾಚಿದರು. ಕೈ ತಾಟಿನ ಪಕ್ಕದ ನೆಲ ಮುಟ್ಟಿತು. ಬೆರಳುಗಳು ಮೆಲ್ಲಗೆ ಸರಿದು ಅಂಚು ಹುಡುಕಿ, ತುಂಡೊಂದನ್ನು ಎತ್ತಿದವು. ಕಚ್ಚಿದ್ದು ಎಲುಬಿಗೆ ಸಿಕ್ಕಿತು. ಚೂಪಾದ ಚೂರು ತುಟಿಗೆ ತಾಗಿ ಅವರು ಸಣ್ಣಗೆ ಮುಖ ಕಿವುಚಿದರು, ಯಾರೂ ನೋಡಲಿಲ್ಲವೆಂದುಕೊಂಡು.

ಕಾಕಾ ತಾಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಒಂದೊಂದೇ ತುಂಡಿನ ಎಲುಬು ಬಿಡಿಸಿ, ಮಾಂಸವನ್ನು ಹಿಂಜಿ, ಚೂರು ಉಳಿದಿಲ್ಲವೆಂದು ಬೆರಳಿನಿಂದ ಒತ್ತಿ ನೋಡತೊಡಗಿದರು.

"ಏನ ಮಾಡಾಕತ್ತಿ?" ಎಂದರು ಅಣ್ಣ. "ನಾ ಏನ ಸಣ್ಣ ಹುಡುಗೇನು?"

"ನಾ ಸಣ್ಣಾವ ಇದ್ದಾಗ ನನಗ ಯಾರು ಬಿಡಿಸಿ ತಿನಸ್ತಿದ್ರು?"

ಅಣ್ಣ ಅಂಗೈ ತೆರೆದು ಮುಂದೆ ಹಿಡಿದರು.

ಕಾಕಾ ಅದರಲ್ಲಿ ತುತ್ತು ಇಟ್ಟು, "ಸುಡತದ," ಎಂದರು. "ಊದಿ ತಿನ್ನು."